ಕದಲದ ನಾಲ್ಕು ಡಿಗ್ರಿ

"ಹದಿನಾಲ್ಕು ತಿಂಗಳಿಂದ ನಾಲ್ಕೇ ಡಿಗ್ರಿ ಮೇಡಂ. ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ!" ಲಸಿಕೆ ಉಗ್ರಾಣದ ಮೇಲ್ವಿಚಾರಕ ಹಲ್ಲು ಕಿರಿದ.

ತಪಾಸಣೆಗೆ ಬಂದಿದ್ದ ಇಂಜಿನಿಯರ್ ಮಂದಾಕಿನಿಗೆ ಅಲ್ಲೇ ಅನುಮಾನ ಹುಟ್ಟಿತು. ದಿನಕ್ಕೆ ನೂರು ಸಲ ಬಾಗಿಲು ತೆಗೆಯುವ ಫ್ರಿಜ್ಜು ಹಾಗಿರುವುದುಂಟೆ? ಕಂಪ್ಯೂಟರ್ ಮುಂದೆ ಕೂತು ಥರ್ಮಾಮೀಟರಿನ ಡಿವೈಸ್ ಫೈಲನ್ನು ಹುಡುಕಿದಳು. ಹೆಸರಿಗಷ್ಟೇ ಅದು ಫೈಲು, ನಿಜದಲ್ಲಿ ಕಿಂಡಿ. ಅದನ್ನು ಓದಿದಾಗಲೆಲ್ಲ ಕರ್ನಲ್ಲು, ಅಂದರೆ ಕಂಪ್ಯೂಟರಿನ ಮೂಲ ತಂತ್ರಾಂಶ, ಆ ಕ್ಷಣದ ಶಾಖವನ್ನು ಥರ್ಮಾಮೀಟರನ್ನೇ ಕೇಳಿ ಹೇಳಬೇಕು. ಇಲ್ಲಿ ಆ ಕಿಂಡಿಯೇ ಇರಲಿಲ್ಲ. ಅದೇ ಹೆಸರಿನ ಮಾಮೂಲಿ ಫೈಲೊಂದು ಕೂತಿತ್ತು. ತೆರೆದರೆ ಒಳಗೆ ಒಂದೇ ಒಂದು ಅಂಕಿ: ನಾಲ್ಕು.

"ಇದು ಯಾರ ಕೆಲಸ?"

"ನಂದೇ ಮೇಡಂ. ಹೊಸ ಕರ್ನಲ್ ಹಾಕಿದ ಮೇಲೆ ಥರ್ಮಾಮೀಟರಿನ ಫೈಲೇ ಕಾಣೆಯಾಯ್ತು. ಅಲಾರಂ ಒಂದೇ ಸಮ ಬಡ್ಕೋತಿತ್ತು. ನಾನೇ ಫೈಲ್ ಮಾಡಿ ನಾಲ್ಕು ಅಂತ ಬರೆದಿಟ್ಟೆ, ತೆಪ್ಪಗಾಯ್ತು."

ಅವಳು ಫ್ರಿಜ್ಜಿನ ಬಾಗಿಲು ತೆಗೆದಳು. ಬೆಚ್ಚನೆಯ ಮುಗ್ಗಲು ಗಾಳಿ ಮುಖಕ್ಕೆ ಬಡಿಯಿತು.

"ಥೂ! ಇದನ್ನ ಎಳೆಗೂಸುಗಳಿಗೆ ಚುಚ್ಚಿಸಿದ್ದೀರಲ್ರೀ!"

ಸೀದಾ ಕೇಂದ್ರ ಕಚೇರಿಯ ದೊಡ್ಡ ಸಾಹೇಬರಿಗೇ ಫೋನ್ ಹಚ್ಚಿ, ಕಂಡದ್ದನ್ನೆಲ್ಲ ಹೇಳಿದಳು.

"ಛೀ, ಅಸಹ್ಯ! ಹದಿನಾಲ್ಕು ತಿಂಗಳೂ ಅದೇ ನಾಲ್ಕಾ?" ಸಾಹೇಬರು ಕೆರಳಿದರು.

ಅವಳಿಗೆ ಹೋದ ಜೀವ ಬಂದಂತಾಯಿತು. "ಹೌದು ಸರ್, ಅದೇ ನಾಲ್ಕು."

"ಎಂಥ ದಡ್ಡ ರೀ ಅವನು! ಮಿಕ್ಕ ಉಗ್ರಾಣಗಳಲ್ಲೆಲ್ಲ ನಡುನಡುವೆ ಮೂರು, ಐದು ಬರೆಸಿದ್ದೀನಲ್ಲ!"