ಹನ್ನೆರಡನೆಯ ಸೀಸೆ

ಕಾರ್ಖಾನೆಯ ಬಾಯ್ಲರ್ ಸಿಡಿದು ಸತ್ತ ಹನ್ನೆರಡು ಜನರ ಮನೆಗಳಿಗೆ 'ಜಗದ ನಗು' ಸೇವಾಸಂಸ್ಥೆ ಶಕುಂತಲಾಳನ್ನು ಕಳಿಸಿತ್ತು. ಹನ್ನೊಂದು ಮನೆಯವರ ದುಃಖವನ್ನು ಸೂಜಿಯಿಂದ ಎಳೆದು, ಸೀಸೆಗಳಿಗೆ ಹೆಸರು ಅಂಟಿಸಿ ಅವಳು ಐಸ್ ಪೆಟ್ಟಿಗೆಯಲ್ಲಿ ಇಟ್ಟಾಗಿತ್ತು. ಆ ಮನೆಗಳಲ್ಲೀಗ ನಗು, ರೇಡಿಯೋ ಹಾಡು.

ಕೊನೆಯ ಮನೆಯ ಗಂಗವ್ವ ತೋಳು ಚಾಚಲಿಲ್ಲ.

"ನಾಳೆ ಕೋರ್ಟಿನಾಗ ಮಾಲೀಕನ ಎದುರು ಸಾಕ್ಷಿ ಹೇಳಬೇಕವ್ವ. ಮಗನ ಸಂಕಟಾನ ಇಲ್ಲಂದ್ರ ಏನಂತ ಹೇಳ್ಲಿ? ಬಾಜೂಮನಿ ದುರುಗವ್ವ ಆಗಲೇ 'ಹೋಗ್ಲಿ ಬಿಡು' ಅನ್ನಾಕ ಹತ್ಯಾಳ. ನಿಮಗ ರೊಕ್ಕ ಕೊಡಾಂವ ಯಾರು?"

ಪೆಟ್ಟಿಗೆಯ ಮುಚ್ಚಳದ ಮೇಲೆ ದಾನಿಯೆಂದು ಅದೇ ಕಾರ್ಖಾನೆಯ ಹೆಸರಿತ್ತು. ದಿನವೂ ಅದನ್ನು ಒರೆಸಿ ಹೊಳಪು ಮಾಡುತ್ತಿದ್ದವಳು ಶಕುಂತಲಾಳೇ. ನಾಚಿಕೆಯ ಬೆನ್ನಿಗೇ ಸಿಟ್ಟು ಉಕ್ಕಿತು.

"ಎಳೆದದ್ದು ತಿರುಗಿ ಹಾಕಾಕ ಬರತೈತೇನು?" ಗಂಗವ್ವ ಕೇಳಿದಳು.

"ಬರತೈತಬೇ. ಆದ್ರ ಆ ಮನಿಯವರನ್ನ ಕೇಳಬೇಕು."

ಶಕುಂತಲಾ ಹೋಗಿ ಪಕ್ಕದ ಬಾಗಿಲು ಬಡಿದಳು. ನಗುನಗುತ್ತ ಬಂದ ದುರುಗವ್ವನ ಮುಂದೆ ಅವಳ ಹೆಸರಿನ ಸೀಸೆ ಹಿಡಿದು, "ಅಕ್ಕಾ, ಇದು ನಿಮ್ದು," ಎಂದಳು.