ಗುತ್ತಿಗೆದಾರನ ತಾಟು

ಇವತ್ತು ವಿಮಾನ ನಗರದ ನಮ್ಮ ಅಪಾರ್ಟ್‌ಮೆಂಟಿನ ತಾರಸಿಗೆ ಡಾಂಬರು ಕಾಯಿಸುತ್ತಿದ್ದಾರೆ. ಆ ವಾಸನೆಗೆ ದೌಂಡ ಊರಿನ ನಮ್ಮ ಹಳೆಯ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ಮಾಳಿಗೆ ಸೋರುತ್ತದೆಂದು ಅಪ್ಪ, ಸೋರುವುದೇ ಇಲ್ಲವೆಂದು ಅದನ್ನು ಕಟ್ಟಿದ ನಮ್ಮೂರ ಕಡೆಯ ಗುತ್ತಿಗೆದಾರ, ಇಬ್ಬರೂ ದನಿ ಏರಿಸಿದ್ದರು. ಹೊರಗೆ ಮಳೆ ಆಗಷ್ಟೇ ಶುರುವಾಗಿತ್ತು.

“ಮೊದಲ ಊಟ ಮಾಡ್ರಿ, ಆಮ್ಯಾಲೆ ಜಗಳ ಮಾಡೀರಂತ,” ಎಂದು ಅವ್ವ ಗುತ್ತಿಗೆದಾರನನ್ನು ಕೂಡಿಸಿ ತಾಟು ಇಟ್ಟಳು. ಅವನು ಎರಡನೆಯ ರೊಟ್ಟಿ ಮುರಿಯುವಾಗ ಪುಂಡಿಪಲ್ಯದೊಳಗೆ ಟಪ್ಪೆಂದು ಒಂದು ಹನಿ ಬಿತ್ತು. ಅವನು ಮೇಲೆ ನೋಡಿದ.

“ಇನ್ನೊಂದು ರೊಟ್ಟಿ ನೀಡ್ಲೇನ್ರಿ ಅಣ್ಣಾರ?” ಎಂದಳು ಅವ್ವ.

“ಸಾಕ್ರೀ ಅಕ್ಕಾರ. ಮಳಿ ನಿಂತ ಕೂಡ್ಲೇ ಡಾಂಬರ ಹಾಕ್ತೀನ್ರಿ.”

ಅವನು ಹೋದ ಮೇಲೆ ಅಪ್ಪ ಕೇಳಿದ, “ಬೇಕಂತನ ಅಲ್ಲಿ ಕೂಡಿಸಿದೇನು?”

“ಇಲ್ರೀ. ಮನ್ಯಾಗ ಬ್ಯಾರೆ ಜಾಗ ಎಲ್ಲದ?”

ಇಡೀ ಮನೆಯಲ್ಲಿ ಸೋರುತ್ತಿದ್ದುದು ಅದೊಂದೇ ಜಾಗ.