ಹನ್ನೊಂದನೆಯ ದೋಣಿ

"ಇಳೀರಿ! ಹತ್ತು ನಿಮಿಷ ಟೈಮು. ಚಿಕ್ಕ ದೋಣಿಗೆ ಇಳಿದು ದಡದ ಕಡೆ ಹುಟ್ಟು ಹಾಕ್ಕೊಂಡು ಹೋಗಿ!"

ಲೆಫ್ಟಿನೆಂಟ್ ಝೆರ್ವೋಸ್ ಪಿಸ್ತೂಲು ಹಿಡಿದು ಕೂಗುತ್ತಲೇ ಜಲಾಂತರ್ಗಾಮಿಯಿಂದ ಸರಕುದೋಣಿಗೆ ಹಾರಿದ. ಅವನ ಹಿಂದೆ ಬಂದೂಕಿನೊಂದಿಗೆ ಅರ್ಗಿರಿಸ್. ಕೊನೆಯಲ್ಲಿ ಸ್ಫೋಟಕದ ಡಬ್ಬವನ್ನು ಎದೆಗವುಚಿಕೊಂಡ ಪಾಂತೆಲಿಸ್.

ಪಾಂತೆಲಿಸ್‌ಗೆ ಇಪ್ಪತ್ತು ವರ್ಷ. ಎರಡು ವರ್ಷದ ಹಿಂದೆ ಜರ್ಮನರು ಗ್ರೀಸಿಗೆ ನುಗ್ಗಿದ ವಾರ, ಅವನು ತನ್ನ ದ್ವೀಪದಿಂದ ತಪ್ಪಿಸಿಕೊಂಡು ಈಜಿಪ್ಟ್ ತಲುಪಿ, ಅಲ್ಲಿ ಇಂಗ್ಲಿಷರ ಜೊತೆಗೂಡಿ ಹೋರಾಡುತ್ತಿದ್ದ ಗ್ರೀಕ್ ನೌಕಾದಳ ಸೇರಿದ್ದ. ಅಂದಿನಿಂದ ಮನೆಯ ಸುದ್ದಿಯಿಲ್ಲ. ಜಲಾಂತರ್ಗಾಮಿಯಲ್ಲಿದ್ದ ಯಾರಿಗೂ ಇರಲಿಲ್ಲ.

ಅವರ ಕೆಲಸ ಸರಳ. ದ್ವೀಪಗಳ ನಡುವೆ ಜರ್ಮನರ ಸರಕು ಸಾಗಿಸುವ ಹಾಯಿದೋಣಿಗಳನ್ನು ಮುಳುಗಿಸುವುದು. ದೋಣಿಗಳೂ ಗ್ರೀಕರವೇ, ನಡೆಸುವವರೂ ಗ್ರೀಕರೇ. ಇದು ಹನ್ನೊಂದನೆಯದು. ಮೊದಲನೆಯದು ಮುಳುಗಿದ ದಿನ ಪಾಂತೆಲಿಸ್ ವಾಂತಿ ಮಾಡಿಕೊಂಡಿದ್ದ. ಮೂರನೆಯದಾದ ಮೇಲೆ ಎರಡು ದಿನ ನಿದ್ದೆ ಬಂದಿರಲಿಲ್ಲ. ಆಮೇಲೆ ಏನೂ ಆಗಲಿಲ್ಲ.

ಅಂದು ಬೆಳಿಗ್ಗೆ ದುರ್ಬೀನಿನಲ್ಲಿ ಈ ದೋಣಿಯನ್ನು ಮೊದಲು ಕಂಡವನು ಅವನೇ. ಬಹಳ ಹೊತ್ತು ನೋಡುತ್ತಲೇ ಇದ್ದ.

"ಏನಯ್ಯಾ, ಎಷ್ಟು ಜನ ಇದ್ದಾರೆ?" ಎಂದು ಝೆರ್ವೋಸ್ ಕೇಳಿದ್ದ.

"ಮೂರು ಜನ ಸಾರ್. ಬಂದೂಕಿಲ್ಲ."

ದೋಣಿ ಹತ್ತಿದ ಮೇಲೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಬಾರದೆಂದು ಕಟ್ಟಪ್ಪಣೆಯಿತ್ತು. ಇಂಥ ದೋಣಿಗಳ ಆಳುಗಳಲ್ಲಿ ಒಬ್ಬನಾದರೂ ಜರ್ಮನರಿಗೆ ಸುದ್ದಿ ಮುಟ್ಟಿಸುವವನು ಇರುತ್ತಿದ್ದ. ಹಿಂದಿನ ತಿಂಗಳು ಹೀಗೇ ಒಬ್ಬ ನಾವಿಕನ ಗುರುತು ಸಿಕ್ಕಿ, ಊರಿನಲ್ಲಿದ್ದ ಅವನ ಅಣ್ಣನನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆದಿದ್ದರು.

ಚುಕ್ಕಾಣಿಯ ಪಕ್ಕದಲ್ಲಿದ್ದ ಮುದುಕ ಅಲ್ಲಾಡಲಿಲ್ಲ. ದೋಣಿಯ ಯಜಮಾನ ಅವನೇ. ಇಬ್ಬರು ಆಳುಗಳಲ್ಲಿ ಒಬ್ಬ ಆಗಲೇ ಚಿಕ್ಕ ದೋಣಿಯ ಹಗ್ಗ ಬಿಚ್ಚುತ್ತಿದ್ದ. ಇನ್ನೊಬ್ಬ, ಇಸ್ತ್ರಿ ಮಾಡಿದ ಅಂಗಿಯವನು, ಬಂದ ಮೂವರ ಮುಖಗಳನ್ನೂ ಒಂದೊಂದಾಗಿ ನೋಡುತ್ತ ನಿಂತಿದ್ದ.

"ಒಳಗೇನಿದೆ?" ಝೆರ್ವೋಸ್ ಕೇಳಿದ.

"ಸಿಮೆಂಟು," ಎಂದ ಮುದುಕ. "ನಂದಲ್ಲ, ಅವರದು. ನಂದು ಅಂತ ಇರೋದು ಈ ದೋಣಿ ಒಂದೇ."

"ಗೊತ್ತು ಯಜಮಾನ್ರೇ. ಇಳೀರಿ."

"ಗೊತ್ತಾ? ಏನು ಗೊತ್ತು ನಿಮಗೆ?" ಮುದುಕನ ದನಿ ಏರಲಿಲ್ಲ. "ಹೋದ ವರ್ಷದ ಚಳಿಗಾಲದಲ್ಲಿ ನನ್ನ ಹೆಂಡತಿ ಹೋದಳು. ರೋಗ ಅಲ್ಲ, ಹಸಿವು. ಗುಡ್ಡದ ಸೊಪ್ಪು ಬೇಯಿಸಿ ಮಗಳಿಗೆ ಹಾಕಿ, ತಾನು ಆ ನೀರು ಕುಡೀತಿದ್ದಳು. ಫೆಬ್ರವರಿಯಲ್ಲಿ ಮಣ್ಣು ಮಾಡಿದೆವು. ಮಗಳು ಬದುಕಿದ್ದಾಳೆ. ಈಗ ಚೆನ್ನಾಗಿದ್ದಾಳೆ."

ಇದನ್ನು ಹೇಳುವಾಗ ಅವನು ಲೆಫ್ಟಿನೆಂಟನನ್ನು ನೋಡಲಿಲ್ಲ. ಡಬ್ಬ ಹಿಡಿದು ನಿಂತಿದ್ದವನನ್ನೇ ನೋಡುತ್ತಿದ್ದ.

ಪಾಂತೆಲಿಸ್ ಮುಖದಲ್ಲಿ ಏನೂ ಕದಲಲಿಲ್ಲ. "ಇನ್ನು ಎಂಟು ನಿಮಿಷ," ಎಂದಷ್ಟೇ ಹೇಳಿ ಕೆಳಗಿಳಿದ.

ಉಗ್ರಾಣದೊಳಗೆ ಕತ್ತಲು. ಹಿಂದೆಯೇ ಬಂದ ಝೆರ್ವೋಸ್ ಅಡ್ಡತೊಲೆಗೆ ತಲೆ ಬಡಿಸಿಕೊಂಡು ಬೈದ. ಪಾಂತೆಲಿಸ್ ಬಗ್ಗಿಕೊಂಡೇ ಮುಂದೆ ಹೋಗಿದ್ದ. ಸಿಮೆಂಟಿನ ಎರಡು ಚೀಲ ಸರಿಸಿ, ಒಂದು ಹಲಗೆಯನ್ನು ಕೈಯಿಂದ ತಡವಿ, ಡಬ್ಬವನ್ನು ಅದಕ್ಕೆ ಒತ್ತಿ ಇಟ್ಟ.

"ಅಲ್ಲೇ ಯಾಕೆ?"

"ಇಲ್ಲಿ ಮರ ಮೆದು ಸಾರ್. ಬೇಗ ಹೋಗುತ್ತೆ."

ಸ್ಫೋಟಕದ ಬತ್ತಿ ಹಚ್ಚಿ ಇಬ್ಬರೂ ಮೇಲೆ ಬಂದರು. ಆಳುಗಳು ಚಿಕ್ಕ ದೋಣಿಗೆ ಇಳಿದಾಗಿತ್ತು. ಮುದುಕ ಮಾತ್ರ ಇನ್ನೂ ನಿಂತೇ ಇದ್ದ. ಇಸ್ತ್ರಿ ಅಂಗಿಯವನು ಕೆಳಗಿನಿಂದ ಕಣ್ಣು ಕಿರಿದು ಮಾಡಿ ನೋಡಿದ.

"ತಮ್ಮಾ, ನಿನ್ನ ಮುಖ ಎಲ್ಲೋ ನೋಡಿದ ಹಾಗಿದೆಯಲ್ಲ. ಯಾವ ದ್ವೀಪ ನಿಂದು?"

ಪಾಂತೆಲಿಸ್ ಜಲಾಂತರ್ಗಾಮಿಯ ಕಡೆ ಮುಖ ತಿರುಗಿಸಿದ.

"ನಿಜವಾಗ್ಲೂ. ಆ ಹುಬ್ಬು, ಆ ಗದ್ದ..."

ಮಾತು ಮುಗಿಯುವುದರೊಳಗೆ ಮುದುಕನ ಕೈ ಬೀಸಿತು. ಪಾಂತೆಲಿಸ್ ಕೆನ್ನೆಗೆ ಬಿದ್ದ ಏಟಿಗೆ ಅವನ ಟೋಪಿ ಹಾರಿ ಸಮುದ್ರಕ್ಕೆ ಬಿತ್ತು.

"ನನ್ನ ಅನ್ನ ಕಿತ್ಕೊಳ್ಳೋನ ಮುಖ ಏನು ನೋಡ್ತೀಯೋ!" ಮುದುಕ ಆಳಿನ ಕಡೆ ತಿರುಗಿ ಅರಚಿದ. "ಇವನಿಗೆ ಊರಿದೆಯಾ, ಮನೆಯಿದೆಯಾ? ಇಂಗ್ಲಿಷರ ಕೂಲಿ ನಾಯಿ! ಹಿಡಿ ಹುಟ್ಟು. ನೋಡ್ತಾ ಕೂತ್ರೆ ಎಲ್ಲರೂ ಸಾಯ್ತೀವಿ!"

ಅರ್ಗಿರಿಸ್ ಬಂದೂಕು ಎತ್ತಿದ. ಪಾಂತೆಲಿಸ್ ಅದರ ನಳಿಗೆ ಹಿಡಿದು ಕೆಳಗೆ ತಗ್ಗಿಸಿದ.

"ಬಿಡೋ. ಮುದುಕ."

ಮುದುಕ ಹಗ್ಗ ಹಿಡಿದು ಕೆಳಗಿಳಿದ. ಇಸ್ತ್ರಿ ಅಂಗಿಯವನು ಬೆದರಿ ಹುಟ್ಟು ಹಿಡಿದಿದ್ದ. ಇಪ್ಪತ್ತು ಮಾರು ಸಾಗಿದ ಮೇಲೆ ಮುದುಕ ಎದ್ದು ನಿಂತು, ಎರಡೂ ಕೈ ಎತ್ತಿ ಶಾಪ ಹಾಕಿದ.

"ನೂರು ವರ್ಷ ಬದುಕಬೇಕು ನೀನು! ನೂರು ವರ್ಷ ಬದುಕಿ ಇದನ್ನ ನೆನೆಸ್ಕೋಬೇಕು!"

ಮೂವರೂ ಜಲಾಂತರ್ಗಾಮಿಗೆ ಹಾರಿ, ಅದು ದೂರ ಸರಿದ ಮೇಲೆ ಸರಕುದೋಣಿಯ ನಡು ಒಮ್ಮೆ ಉಬ್ಬಿದಂತಾಯಿತು. ಸಿಮೆಂಟಿನ ಬಿಳಿ ದೂಳು ಎದ್ದು, ನೀರಿನ ಮೇಲೆ ನಿಧಾನವಾಗಿ ಕೂತಿತು. ಹಾಯಿಕಂಬ ವಾಲಿತು, ಮುಳುಗಿತು. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಪಾಂತೆಲಿಸ್ ಅದನ್ನು ನೋಡಲಿಲ್ಲ. ದಡದ ಕಡೆ ಹೋಗುತ್ತಿದ್ದ ಚಿಕ್ಕ ದೋಣಿಯನ್ನು, ಅದು ಬಂಡೆಗಳ ಹಿಂದೆ ಮರೆಯಾಗುವತನಕ ನೋಡಿದ.

ಜಲಾಂತರ್ಗಾಮಿ ನೀರೊಳಗಿಳಿಯಿತು. ಮಧ್ಯಾಹ್ನ ಹುರುಳಿಕಾಯಿ ಬೀಜದ ಸಾರು, ಗಟ್ಟಿ ಬಿಸ್ಕತ್ತು. ಪಾಂತೆಲಿಸ್ ತಟ್ಟೆ ಖಾಲಿ ಮಾಡಿ ಇನ್ನೊಂದು ಸೌಟು ಹಾಕಿಸಿಕೊಂಡ. ಎದುರಿಗೆ ಕೂತಿದ್ದ ಅರ್ಗಿರಿಸ್ ಅವನ ಕೆನ್ನೆ ನೋಡಿ ನಕ್ಕ.

"ಐದೂ ಬೆರಳು ಮೂಡಿದೆಯಲ್ಲೋ! ಅಷ್ಟು ಹೊಡೆದ್ರೂ ಕಲ್ಲಿನ ಥರ ನಿಂತಿದ್ದೆ. ಚಿಕ್ಕಂದಿನಲ್ಲಿ ನಿಮ್ಮಪ್ಪ ಚೆನ್ನಾಗಿ ಬಾರಿಸಿ ಅಭ್ಯಾಸ ಮಾಡಿಸಿರಬೇಕು."

ಪಾಂತೆಲಿಸ್ ಬಾಯಲ್ಲಿದ್ದುದನ್ನು ಅಗಿದು ನುಂಗಿದ.

"ಇಲ್ಲ," ಎಂದ. "ಅಪ್ಪ ನನ್ನ ಮೇಲೆ ಕೈ ಮಾಡಿದ್ದು ಇವತ್ತೇ ಮೊದಲು."